ಕೋಳಿ ಶೆಡ್‌ಗೆ ವಿರ್ಕಾನ್ ಎಸ್: ಕರುಳಿನ ವೈರಸ್‌ಗಳಿಗೆ ಎಲ್ಲಿ ನಾಟುತ್ತದೆ, ಎಲ್ಲಿ ನಾಟುವುದಿಲ್ಲ

ತೊಳೆದು ಒಣಗಿಸಿದ ಶೆಡ್‌ನಲ್ಲಿ ಸರಿಯಾದ ಅಳತೆಗೆ ಕಲಸಿ ಹೊಡೆದರೆ ವಿರ್ಕಾನ್ ಎಸ್ ಕೊಟ್ಟ ದುಡ್ಡಿಗೆ ಮೋಸ ಮಾಡದ, ರೋಗಾಣು ಕೊಲ್ಲುವ ಪುಡಿ. ಹಿಕ್ಕೆ ಮೆತ್ತಿದ ನೆಲದ ಮೇಲೆ ಹೊಡೆದರೆ ಆ ದುಡ್ಡು ದಂಡ. ಇನ್ನು ನಮ್ಮ ಕಲಬುರಗಿ ಕಡೆಯ ಶಹಾಬಾದ್ ಫರ್ಸಿ (ಚಪ್ಪಡಿ ಕಲ್ಲು) ಹಾಸಿದ ನೆಲಕ್ಕೆ ಇದು ಮೊದಲ ಆಯ್ಕೆಯೇ ಅಲ್ಲ. ಈ ಮೂರೂ ಮಾತಿಗೆ ಕಾರಣ ಕೆಳಗಿದೆ. ಬ್ರಾಯ್ಲರ್ ಸಾಕುವವರನ್ನು, ಅದರಲ್ಲೂ ಬ್ಯಾಚ್ ಮೇಲೆ ಬ್ಯಾಚ್ ಮರಿ ತೂಕ ಹಿಡಿಯದೆ ಸೋತವರನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದ್ದು.

ಮೊದಲು ರೋಗದ ವಿಷಯ. ಅದು ಗೊತ್ತಿಲ್ಲದಿದ್ದರೆ ಯಾವ ಔಷಧ ಕೊಳ್ಳಬೇಕೆಂಬುದು ತಿಳಿಯುವುದಿಲ್ಲ. ಮರಿ ಬಂದು ಐದಾರು ದಿನಕ್ಕೆ ಹಿಕ್ಕೆ ನೀರಾಗುತ್ತದೆ. ಕೆಲವೊಮ್ಮೆ ಕಿತ್ತಳೆ ಬಣ್ಣದ ಲೋಳೆ ಇರುತ್ತದೆ, ಅರಗದ ಮೆಕ್ಕೆಜೋಳ, ಸೋಯಾ ಚೂರು ಹಾಗೇ ಹೊರಗೆ ಬಂದಿರುತ್ತವೆ. ಗುದದ ಸುತ್ತ ಅಂಟು, ಮರಿಗೆ ಕಾವು ಕೊಡುವ ಬ್ರೂಡರ್ ಕೆಳಗೆ ಗುಂಪು, ನೆಲಕ್ಕೆ ಹಾಸಿದ ಹೊಟ್ಟು ತಿನ್ನುವ ಚಾಳಿ. ಹತ್ತು-ಹನ್ನೆರಡನೇ ದಿನಕ್ಕೆ ಒಂದೇ ಶೆಡ್‌ನಲ್ಲಿ ಮೂರು ಸೈಜಿನ ಕೋಳಿ ಕಾಣುತ್ತವೆ. ಹಿಂದೆ ಬಿದ್ದ ಮರಿಗಳ ರೆಕ್ಕೆಯ ಗರಿ ಅಡ್ಡಡ್ಡ ಚಾಚಿಕೊಂಡು, ಮುರಿದು, ಕಾಲಿನ ಬಣ್ಣ ಬಿಳಿಚಿರುತ್ತದೆ. ಸಾಯುವುದು ಕಡಿಮೆ, ಬೆಳೆಯುವುದೂ ಕಡಿಮೆ. ಫೀಡು ಮಾತ್ರ ಎಂದಿನಂತೆ ಖಾಲಿಯಾಗುತ್ತದೆ. ಕೋಳಿ ಮಾರಾಟಕ್ಕೆ ಎತ್ತುವ ಲಿಫ್ಟಿಂಗ್ ದಿನ ಎಫ್‌ಸಿಆರ್, ಅಂದರೆ ಒಂದು ಕೆಜಿ ತೂಕಕ್ಕೆ ತಿಂದ ಫೀಡಿನ ಲೆಕ್ಕ, ಹಾಕಿದಾಗಲೇ ಪೆಟ್ಟು ಎಲ್ಲಿ ಬಿತ್ತೆಂದು ಗೊತ್ತಾಗುವುದು. ಇಂಟಿಗ್ರೇಷನ್‌ನಲ್ಲಿ, ಅಂದರೆ ಕಂಪನಿಯ ಮರಿ-ಫೀಡು ಪಡೆದು, ಸಾಕುವವರಿಗೆ ಗ್ರೋಯಿಂಗ್ ಚಾರ್ಜ್ (ಸಾಕಾಣಿಕೆ ಕೂಲಿ) ಕುಸಿಯುವುದೂ ಅಲ್ಲೇ.

ಇದನ್ನು ರಂಟಿಂಗ್-ಸ್ಟಂಟಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಇದಕ್ಕೆ ಒಂದೇ ವೈರಸ್ ಕಾರಣ ಎಂದು ಬೆರಳು ತೋರಿಸಲು ಆಗುವುದಿಲ್ಲ. ಆಸ್ಟ್ರೋವೈರಸ್, ರೋಟಾವೈರಸ್, ರಿಯೋವೈರಸ್, ಚಿಕನ್ ಪಾರ್ವೋವೈರಸ್, ಏವಿಯನ್ ನೆಫ್ರೈಟಿಸ್ ವೈರಸ್ ಇವು ಒಂದೊಂದಾಗಿಯೂ ಎರಡು ಮೂರು ಕೂಡಿಯೂ ಸಿಗುತ್ತವೆ. ಕರುಳಿನ ಒಳಗೋಡೆಯ ಸಣ್ಣ ಎಳೆಗಳು, ಅಂದರೆ ವಿಲ್ಲೈ, ಮೊಟಕಾಗಿ ಆಹಾರ ಹೀರುವ ಶಕ್ತಿ ಹೋಗುತ್ತದೆ. ಸತ್ತ ಮರಿ ಕೊಯ್ದು ನೋಡಿದರೆ ಕರುಳು ತೆಳ್ಳಗೆ, ಬಿಳಿಚಿಕೊಂಡು, ಒಳಗೆ ನೀರು ಮತ್ತು ಗಾಳಿ ತುಂಬಿರುತ್ತದೆ. ಮೇದೋಜೀರಕ ಗ್ರಂಥಿ ಸಣ್ಣದಾಗಿರುತ್ತದೆ. ಆಸ್ಟ್ರೋ ಮತ್ತು ನೆಫ್ರೈಟಿಸ್ ವೈರಸ್‌ಗಳು ಮೂತ್ರಪಿಂಡಕ್ಕೂ ಹೋಗಿ ಗೌಟ್, ಅಂದರೆ ಒಳಗಿನ ಅಂಗಗಳ ಮೇಲೆ ಯೂರಿಕ್ ಉಪ್ಪು ಕೂರುವ ರೋಗ, ತರಬಲ್ಲವು.

ಇಲ್ಲಿ ಖರೀದಿದಾರ ತಲೆಯಲ್ಲಿಡಬೇಕಾದ ಸಂಗತಿ ಒಂದೇ. ಈ ಐದೂ ವೈರಸ್‌ಗಳಿಗೆ ಕೊಬ್ಬಿನ ಹೊರ ಹೊದಿಕೆ ಇಲ್ಲ. ರಾಣಿಖೇತ್, ಹಕ್ಕಿಜ್ವರದ ವೈರಸ್‌ಗಳಿಗೆ ಆ ಹೊದಿಕೆ ಇದೆ. ಸೋಪಿನ ಜಾತಿಯ ಔಷಧಿಗಳು ಅದನ್ನು ಕರಗಿಸಿ ಅವನ್ನು ಕೊಲ್ಲುತ್ತವೆ. ಹೊದಿಕೆಯೇ ಇಲ್ಲದ ವೈರಸ್‌ನಲ್ಲಿ ಕರಗಿಸಲು ಏನೂ ಇಲ್ಲ. ಅದರ ಪ್ರೋಟೀನ್ ಚಿಪ್ಪನ್ನೇ ಒಡೆಯಬೇಕು. ಹಾಗಾಗಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಬರೀ ಬೆಂಜಾಲ್ಕೋನಿಯಂ ಕ್ಲೋರೈಡ್ ಇರುವ ದ್ರಾವಣಗಳನ್ನು ಕರುಳಿನ ವೈರಸ್‌ಗೆಂದು ಕೊಳ್ಳಬೇಡಿ. ಲೇಬಲ್ಲಿನಲ್ಲಿ 99.9 ಎಂದು ದೊಡ್ಡದಾಗಿ ಬರೆದಿರುತ್ತದೆ. ಯಾವ ವೈರಸ್ ಮೇಲೆ ಪರೀಕ್ಷೆ ಮಾಡಿದ್ದಾರೆಂದು ಸಣ್ಣ ಅಕ್ಷರದಲ್ಲಿ ಓದಿ. ರಾಣಿಖೇತ್, ಹಕ್ಕಿಜ್ವರ ಎರಡೇ ಇದ್ದರೆ ಅದು ಈ ಕೆಲಸದ್ದಲ್ಲ. ಗಂಬೊರೊ, ಅಡಿನೊ, ಪಾರ್ವೋ ಹೆಸರುಗಳಿದ್ದರೆ ಮಾತ್ರ ಮುಂದೆ ಮಾತಾಡಬಹುದು, ಏಕೆಂದರೆ ಆ ಮೂರಕ್ಕೂ ಹೊದಿಕೆ ಇಲ್ಲ.

ವಿರ್ಕಾನ್ ಎಸ್ ಈ ಪರೀಕ್ಷೆ ದಾಟುತ್ತದೆ. ಇದರ ಜೀವಾಳ ಪೊಟ್ಯಾಸಿಯಂ ಪೆರಾಕ್ಸಿಮೋನೊಸಲ್ಫೇಟ್. ಆಮ್ಲಜನಕ ಬಿಟ್ಟು ಪ್ರೋಟೀನನ್ನು ಸುಟ್ಟುಹಾಕುವ ಜಾತಿ. ಜೊತೆಗೆ ಎರಡು ಆಮ್ಲ, ಕೊಳೆ ಬಿಡಿಸುವ ಡಿಟರ್ಜೆಂಟ್, ಗಡಸು ನೀರನ್ನು ಸಂಭಾಳಿಸುವ ಫಾಸ್ಫೇಟ್, ಗುಲಾಬಿ ಬಣ್ಣ ಸೇರಿವೆ. ನಮ್ಮ ಭಾಗದ ಬೋರ್ ನೀರು ಎಷ್ಟು ಗಡಸೆಂದು ಡ್ರಿಂಕರ್ ಮೇಲೆ ಕೂತ ಬಿಳಿ ಪೊರೆ ನೋಡಿದವರಿಗೆ ಹೇಳಬೇಕಿಲ್ಲ. ಆ ನೀರಿನಲ್ಲೂ ಇದು ಕೆಲಸ ಬಿಡುವುದಿಲ್ಲ. ಇದು ದೊಡ್ಡ ಅನುಕೂಲ. ಚಳಿಯಲ್ಲೂ ಕೆಲಸ ಮಾಡುತ್ತದೆ. ಡಿಸೆಂಬರ್-ಜನವರಿಯ ಬೀದರ್ ರಾತ್ರಿಗಳಲ್ಲಿ, ಶೆಡ್ಡಿಗೆ ಹೊಗೆ ಹಾಕಲು ಬಳಸುವ ಫಾರ್ಮಲಿನ್ ಮಂಕಾಗುತ್ತದೆ. ಅದರ ಹೊಗೆ ನಾಟಲು 21 ಡಿಗ್ರಿಗಿಂತ ಹೆಚ್ಚು ಬಿಸಿ, 70 ಶೇಕಡಾ ತೇವ, ಜೊತೆಗೆ ಗಾಳಿಯಾಡದ ಕೋಣೆ ಬೇಕು. ಎರಡು ಬದಿ ಜಾಲರಿ ಇರುವ ತೆರೆದ ಶೆಡ್‌ನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್-ಫಾರ್ಮಲಿನ್ ಹೊಗೆ ಹಾಕುವುದು ಕಣ್ಣುರಿಯನ್ನು ಕೊಂಡು ತಂದಂತೆ.

ಅಳತೆ ಮತ್ತು ಲೆಕ್ಕ

ಶೆಡ್ಡಿಗೆ 1 ಶೇಕಡಾ ದ್ರಾವಣ, ಅಂದರೆ 1 ಲೀಟರ್ ನೀರಿಗೆ 10 ಗ್ರಾಂ. ಹೊಡೆಯುವ ಪ್ರಮಾಣ ಚದರ ಮೀಟರಿಗೆ 300 ಮಿಲಿ. ನಮ್ಮ ಅಳತೆಯಲ್ಲಿ ಚದರ ಅಡಿಗೆ ಸುಮಾರು 28 ಮಿಲಿ. 16 ಲೀಟರಿನ ಬೆನ್ನಿನ ಪಂಪಿಗೆ 160 ಗ್ರಾಂ ಪುಡಿ.

5,000 ಕೋಳಿಯ ಶೆಡ್ ಎಂದರೆ ನೆಲ ಹೆಚ್ಚುಕಮ್ಮಿ 5,000 ಚದರ ಅಡಿ, ಅಂದರೆ 465 ಚದರ ಮೀಟರ್. ನೆಲಕ್ಕೇ ಸುಮಾರು 140 ಲೀಟರ್ ದ್ರಾವಣ, 1.4 ಕೆಜಿ ಪುಡಿ. ಛಾವಣಿಯ ಒಳಮೈ, ಗಿಡ್ಡ ಗೋಡೆ, ಜಾಲರಿ, ಕಂಬ, ಪರದೆ ಸೇರಿದರೆ ಒಟ್ಟು 1,100 ಚದರ ಮೀಟರ್ ಹತ್ತಿರ ಬರುತ್ತದೆ. ಆಗ 330 ಲೀಟರ್ ದ್ರಾವಣಕ್ಕೆ 3.3 ಕೆಜಿ ಬೇಕು. ಒಂದು ಕೆಜಿ ತಂದು ಇಡೀ ಶೆಡ್ಡಿಗೆ ಹೊಂದಿಸುವವರು ಬಹಳ. ಹಾಗೆ ಮಾಡಿದಾಗ ಒಂದೋ ನೀರು ಜಾಸ್ತಿ ಸೇರಿ ಶಕ್ತಿ ಕುಗ್ಗಿರುತ್ತದೆ, ಇಲ್ಲವೇ ಮೇಲ್ಮೈ ಸರಿಯಾಗಿ ನೆನೆದೇ ಇರುವುದಿಲ್ಲ. ಎರಡರಲ್ಲೂ ವೈರಸ್ ಉಳಿಯುತ್ತದೆ. ದುಡ್ಡು ಕಡಿಮೆ ಇದ್ದರೆ ಪುಡಿಯನ್ನು ಇಡೀ ಶೆಡ್ಡಿಗೆ ತೆಳ್ಳಗೆ ಹಂಚಬೇಡಿ. ಬ್ರೂಡಿಂಗ್ ಮಾಡುವ ಭಾಗ, ಅಲ್ಲಿನ ಗೋಡೆ, ಚಿಕ್ ಗಾರ್ಡ್ (ಮರಿಗಳ ಸುತ್ತ ನಿಲ್ಲಿಸುವ ತಡೆ), ಫೀಡರ್, ಡ್ರಿಂಕರ್ ಇಷ್ಟಕ್ಕೆ ಪೂರ್ತಿ ಅಳತೆಯಲ್ಲಿ ಹೊಡೆದು ಉಳಿದ ಕಡೆ ಸುಣ್ಣ ಬಳಿಯಿರಿ. ಮೊದಲ ವಾರದಲ್ಲಿ ವೈರಸ್ ಹೊಕ್ಕ ಮರಿಯ ಕರುಳಿಗೆ ಆಗುವ ಹಾನಿ ದೊಡ್ಡದು, ವಯಸ್ಸಾದಂತೆ ಅದೇ ವೈರಸ್ಸಿನ ಪೆಟ್ಟು ಕಡಿಮೆ. ಕಾವಲು ಗಟ್ಟಿಯಾಗಬೇಕಿರುವುದು ಮೊದಲ ಏಳು ದಿನ ಮರಿ ಓಡಾಡುವ ಜಾಗಕ್ಕೆ.

ಕಲಸುವಾಗ ಡ್ರಮ್ಮಿಗೆ ಮೊದಲು ನೀರು, ಆಮೇಲೆ ಪುಡಿ. ಉಲ್ಟಾ ಮಾಡಿದರೆ ಗಂಟು ಕಟ್ಟಿ ಪಂಪಿನ ನಾಜಲ್ ಸಿಕ್ಕಿಕೊಳ್ಳುತ್ತದೆ. ಕೋಲಿನಿಂದ ಚೆನ್ನಾಗಿ ತಿರುವಿ, ತಳದಲ್ಲಿ ಹರಳು ಉಳಿದಿಲ್ಲವೆಂದು ನೋಡಿಯೇ ಪಂಪಿಗೆ ಸುರಿಯಿರಿ. ಪುಡಿ ಮೂಗು, ಗಂಟಲು, ಕಣ್ಣಿಗೆ ಕೆಟ್ಟದ್ದು. ಮಾಸ್ಕ್, ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಆಳನ್ನು ಈ ಕೆಲಸಕ್ಕೆ ಇಳಿಸಬಾರದು. ಗಾಳಿಗೆ ಬೆನ್ನು ಕೊಟ್ಟು ಕಲಸಬೇಕು.

ಪಂಪಿನ ವಿಷಯದಲ್ಲಿ ಒಂದು ಎಚ್ಚರಿಕೆ. ತೊಗರಿಗೆ, ಹತ್ತಿಗೆ ಎಣ್ಣೆ ಹೊಡೆದ ಪಂಪನ್ನೇ ತೊಳೆದು ತರುವ ರೂಢಿ ನಮ್ಮಲ್ಲಿ ಇದೆ. ಕೀಟನಾಶಕದ ಉಳಿಕೆ ಮರಿಗೆ ವಿಷ. ಶೆಡ್ಡಿಗೆಂದೇ ಒಂದು ಪಂಪ್ ಬೇರೆ ಇರಲಿ.

ಹೊಡೆದ ಮೇಲ್ಮೈ ಕನಿಷ್ಠ 10 ನಿಮಿಷ ಒದ್ದೆಯಾಗಿ ಇರಬೇಕು. ಏಪ್ರಿಲ್-ಮೇ ತಿಂಗಳ ಕಲಬುರಗಿ, ಯಾದಗಿರಿ ಬಿಸಿಲಿನಲ್ಲಿ ಮಧ್ಯಾಹ್ನ ತಗಡಿನ ಒಳಮೈಗೆ ಹೊಡೆದರೆ ಎರಡು ನಿಮಿಷಕ್ಕೆ ಆರಿಹೋಗುತ್ತದೆ. ಬೆಳಗಿನ ಜಾವ ಅಥವಾ ಸೂರ್ಯ ಮುಳುಗಿದ ಮೇಲೆ ಹೊಡೆಯಿರಿ. ಮೇಲಿನಿಂದ ಕೆಳಕ್ಕೆ, ಹಿಂದಿನ ತುದಿಯಿಂದ ಬಾಗಿಲ ಕಡೆಗೆ. ತಗಡು, ಸತುವಿನ ಲೇಪದ ಜಾಲರಿ, ಫೀಡರ್ ಸರಪಳಿ ಮೇಲೆ ಇದು ತುಕ್ಕಿಗೆ ದಾರಿ ಮಾಡುತ್ತದೆ, ದ್ರಾವಣ ಆಮ್ಲೀಯವಲ್ಲವೇ. ಅರ್ಧ ತಾಸು ಬಿಟ್ಟು ಲೋಹದ ಭಾಗಗಳನ್ನು ಸಾದಾ ನೀರಿನಿಂದ ತೊಳೆದುಬಿಡಿ.

ಪುಡಿಗಿಂತ ಮುಂಚಿನ ಕೆಲಸ

ಅಂಗಡಿಯಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಇದೊಂದ್ ಹೊಡೀರಿ ಸಾಕ್ರಿ, ತೊಳಿಯೋದೇನ್ ಬ್ಯಾಡ್ರಿ." ಅದನ್ನು ನಂಬಬೇಡಿ. ಆಮ್ಲಜನಕ ಬಿಡುವ ಯಾವುದೇ ಪುಡಿ ಹಿಕ್ಕೆಯನ್ನೂ ವೈರಸ್ಸನ್ನೂ ಬೇರೆ ಮಾಡಿ ನೋಡುವುದಿಲ್ಲ. ಎದುರು ಸಿಕ್ಕ ಸಾವಯವ ಕೊಳೆಯ ಮೇಲೆ ಮೊದಲು ಖರ್ಚಾಗುತ್ತದೆ. ಹೊಡೆದ ಎರಡೇ ನಿಮಿಷಕ್ಕೆ ಗುಲಾಬಿ ಬಣ್ಣ ಮಾಯವಾಯಿತೆಂದರೆ ಅಲ್ಲಿ ಕೊಳೆ ಉಳಿದಿದೆ ಎಂದೇ ತಿಳಿಯಬೇಕು.

ಕ್ರಮ ಹೀಗಿರಲಿ. ಕೋಳಿ ಲಿಫ್ಟ್ ಆದ ದಿನವೇ, ಶೆಡ್ಡಿನ ಬಿಸಿ ಇನ್ನೂ ಇರುವಾಗ, ಗೋಡೆಯ ಬುಡಕ್ಕೆ ಮತ್ತು ಕಂಬಗಳ ಸುತ್ತ ಕಪ್ಪು ಹುಳುವಿನ ಔಷಧ ಹೊಡೆಯಿರಿ. ಹೊಟ್ಟಿನಲ್ಲಿರುವ ಈ ಸಣ್ಣ ಕರಿ ದುಂಬಿಗಳು ರಿಯೋ, ರೋಟಾ ವೈರಸ್‌ಗಳನ್ನು ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ಶೆಡ್ ತಣ್ಣಗಾದರೆ ಬಿರುಕಿಗೆ ಹೊಕ್ಕು ಕೂರುತ್ತವೆ, ಆಮೇಲೆ ಕೈಗೆ ಸಿಗುವುದಿಲ್ಲ. ನಂತರ ಹಳೆ ಹೊಟ್ಟಿನ ಮೇಲೆ ಧೂಳು ಏಳದಷ್ಟು ನೀರು ಚಿಮುಕಿಸಿ, ಪೂರ್ತಿ ಎತ್ತಿ ಹೊರಗೆ ಸಾಗಿಸಿ. ಶೆಡ್ಡಿನ ಪಕ್ಕದಲ್ಲೇ ಗುಡ್ಡೆ ಹಾಕಿ ಗೊಬ್ಬರದ ಗಿರಾಕಿಗೆ ಕಾಯುವುದು ತೊಳೆದ ಕೆಲಸವನ್ನೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಗಾಳಿ ಬೀಸಿ ಬರುವ ಕಡೆ ಗುಡ್ಡೆ ಇದ್ದರಂತೂ ಧೂಳು ಮತ್ತೆ ಒಳಗೇ.

ಹೊಟ್ಟು ಹೋದ ಮೇಲೆ ಜೇಡರ ಬಲೆ, ಫ್ಯಾನ್ ರೆಕ್ಕೆ, ಬಲ್ಬಿನ ತಲೆ, ಪರದೆಯ ಮಡಿಕೆ ಗುಡಿಸಿ. ಬಟ್ಟೆ ಒಗೆಯುವ ಪುಡಿಯನ್ನು ಲೀಟರಿಗೆ 10 ಗ್ರಾಂನಂತೆ ಕಲಸಿ ನೆಲ-ಗೋಡೆಗೆ ಹಾಕಿ ಅರ್ಧ ತಾಸು ನೆನೆಸಿ. ಆಮೇಲೆ ಪೊರಕೆಯಲ್ಲಿ ಉಜ್ಜಿ, ಜೋರು ನೀರಿನಲ್ಲಿ ತೊಳೆಯಿರಿ. ನೆನೆಸದೆ ಜೋರು ನೀರು ಹೊಡೆದರೆ ಕೊಳೆ ಗೋಡೆಯಿಂದ ಗೋಡೆಗೆ ಹಾರುತ್ತದೆ ಅಷ್ಟೇ. ಬಟ್ಟೆಸೋಪಿನ ಉಳಿಕೆ ಬೆಂಜಾಲ್ಕೋನಿಯಂ ಜಾತಿಯ ಔಷಧಿಯನ್ನು ಕೆಡಿಸುತ್ತದೆ, ವಿರ್ಕಾನ್‌ಗೆ ಆ ತೊಂದರೆ ಇಲ್ಲ. ಆದರೂ ಚೆನ್ನಾಗಿ ಜಾಲಿಸಿ. ಒಂದು ರಾತ್ರಿ ಒಣಗಲು ಬಿಡಿ. ನಿಂತ ನೀರಿನ ಮೇಲೆ ಹೊಡೆದ 1 ಶೇಕಡಾ ದ್ರಾವಣ ಅಲ್ಲಿಯೇ ತೆಳ್ಳಗಾಗುತ್ತದೆ.

ಸುಣ್ಣ ಯಾವಾಗಲೂ ಕೊನೆಗೆ. ಹಸಿ ಸುಣ್ಣ ಬಳಿದ ಗೋಡೆಗೆ ವಿರ್ಕಾನ್ ಹೊಡೆದರೆ ಸುಣ್ಣದ ಕ್ಷಾರ ಇದರ ಆಮ್ಲವನ್ನು ತಿಂದುಹಾಕಿ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಮೊದಲು ಪುಡಿ, ಅದು ಒಣಗಿದ ಮರುದಿನ ಸುಣ್ಣ. ಬ್ಲೀಚಿಂಗ್ ಪೌಡರ್ ಜೊತೆ ಒಂದೇ ಡ್ರಮ್ಮಿನಲ್ಲಿ ಎಂದೂ ಕಲಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ.

ಶಹಾಬಾದ್ ಫರ್ಸಿಯ ತಕರಾರು

ಇದು ಲೇಬಲ್ಲಿನಲ್ಲಿ ಸಿಗದ, ನಮ್ಮ ಜಿಲ್ಲೆಗೆ ಸಂಬಂಧಪಟ್ಟ ಮಾತು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಕಲ್ಲು ಸುಣ್ಣದ ಕಲ್ಲು. ಆಮ್ಲ ಬಿದ್ದರೆ ಅದು ಕರಗುತ್ತದೆ. 1 ಶೇಕಡಾ ವಿರ್ಕಾನ್ ದ್ರಾವಣದ ಪಿಎಚ್ ಸುಮಾರು 2.6. ಫರ್ಸಿ ಮೇಲೆ ಬಿದ್ದಾಗ ಸಣ್ಣಗೆ ನೊರೆ ಬರುವುದನ್ನು ಬಗ್ಗಿ ನೋಡಿದರೆ ಕಾಣಬಹುದು. ಆಮ್ಲ ಕಲ್ಲಿಗೇ ಖರ್ಚಾಗುತ್ತದೆ, ದ್ರಾವಣದ ಆಯುಸ್ಸು ಕಡಿಮೆಯಾಗುತ್ತದೆ, ಬ್ಯಾಚಿಂದ ಬ್ಯಾಚಿಗೆ ಕಲ್ಲಿನ ನುಣುಪು ಹೋಗಿ ಮೈ ಒರಟಾಗುತ್ತದೆ. ಒರಟು ಮೈಯಲ್ಲಿ ಹಿಕ್ಕೆ ಹೆಚ್ಚು ಕೂರುತ್ತದೆ.

ಇಂಥ ನೆಲಕ್ಕೆ ಗ್ಲುಟರಾಲ್ಡಿಹೈಡ್ ಇರುವ ದ್ರಾವಣ ಸರಿ. ಅದು ಸ್ವಲ್ಪ ಕ್ಷಾರದ ಕಡೆ ಇದ್ದಾಗಲೇ ಚುರುಕು, ಹೊದಿಕೆಯಿಲ್ಲದ ವೈರಸ್ಸಿನ ಚಿಪ್ಪಿಗೂ ನಾಟುತ್ತದೆ. ಅಳತೆ ಕಂಪನಿಯಿಂದ ಕಂಪನಿಗೆ ಬೇರೆ, ಅಂಗಡಿಯವರ ಬಾಯಿಮಾತು ಬಿಟ್ಟು ಲೇಬಲ್ ನೋಡಿ. ವಾಸನೆ ಮಾತ್ರ ಉಸಿರು ಕಟ್ಟಿಸುತ್ತದೆ, ಮಾಸ್ಕ್ ಇಲ್ಲದೆ ಒಳಗೆ ಹೋಗಬೇಡಿ. ಫರ್ಸಿಯ ಸಂದುಗಳನ್ನು ಸಿಮೆಂಟಿನಿಂದ ತುಂಬದಿದ್ದರೆ ಯಾವ ಔಷಧಿಯೂ ಉಪಯೋಗಕ್ಕಿಲ್ಲ. ತೊಳೆದ ನೀರು ಸಂದಿಯೊಳಗೆ ಇಳಿದು, ಕಲ್ಲಿನ ಕೆಳಗೆ ವಾರಗಟ್ಟಲೆ ತೇವ ಉಳಿಯುತ್ತದೆ. ಫ್ಲೇಮ್ ಗನ್ ಹಿಡಿಯುವವರು ನೆನಪಿಡಿ: ಒದ್ದೆ ಫರ್ಸಿಗೆ ಜೋರು ಉರಿ ಹಿಡಿದರೆ ಕಲ್ಲಿನ ಪದರ ಏಳುತ್ತದೆ.

ಮುರುಮು (ಗರಸು ಮಣ್ಣು) ನೆಲವಿದ್ದರೆ ವಿರ್ಕಾನ್ ತರಲೇಬೇಡಿ, ಮಣ್ಣಿಗೆ ಹೊಡೆಯುವುದು ವ್ಯರ್ಥ. ಮೇಲಿನ ಒಂದೆರಡು ಇಂಚು ಕೆರೆದು ತೆಗೆದು, ಹೊಸ ಮುರುಮು ಬಡಿದು, 100 ಚದರ ಅಡಿಗೆ 3ರಿಂದ 4 ಕೆಜಿ ಸುಣ್ಣದ ಪುಡಿ ಹರಡಿ. ಮರಿಯ ಕಾಲಿಗೆ ಸುಣ್ಣ ತಾಗದಂತೆ ಮೇಲೆ 2ರಿಂದ 3 ಇಂಚು ಒಣ ಹೊಟ್ಟು ಬರಲಿ. ಶಹಾಪುರ, ಸುರಪುರ ಕಡೆಯ ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತರಿಸುವವರು ಚೀಲ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು ನೋಡಿ. ಮುಗ್ಗಲು ವಾಸನೆ ಬಂದರೆ, ಕೈಗೆ ತೇವ ತಾಗಿದರೆ ವಾಪಸ್ ಕಳಿಸಿ.

ನೀರಿನ ಪೈಪಿಗೆ ವಿರ್ಕಾನ್ ಒಳ್ಳೆಯದೇ, ಆದರೆ ಶೆಡ್ ಖಾಲಿ ಇದ್ದಾಗ ಮಾತ್ರ. ಲೀಟರಿಗೆ 5 ಗ್ರಾಂ ಕಲಸಿ ಪೈಪು ತುಂಬಿಸಿ, ಕೊನೆಯ ನಿಪ್ಪಲ್ ಒತ್ತಿ ಗುಲಾಬಿ ನೀರು ಬಂತೆಂದು ನೋಡಿ, ಅರ್ಧ ತಾಸು ಬಿಟ್ಟು ಪೂರ್ತಿ ಹರಿಸಿ ತೆಗೆಯಿರಿ. 20 ಮಿಮೀ ಒಳ ಅಳತೆಯ 50 ಮೀಟರ್ ಪೈಪು ಸುಮಾರು 16 ಲೀಟರ್ ಹಿಡಿಯುತ್ತದೆ, ಅಂದರೆ ಒಂದು ಲೈನಿಗೆ 80 ಗ್ರಾಂ. ಹರಿಸುವುದರಲ್ಲಿ ಆತುರ ಬೇಡ. ಉಳಿದ ಗುಲಾಬಿ ನೀರು ಗಂಬೊರೊ ಲಸಿಕೆಯನ್ನು ಕೊಂದುಹಾಕುತ್ತದೆ. ಮರಿ ಬಂದ ಮೇಲೆ ದಿನದ ನೀರಿಗೆ ಬ್ಲೀಚಿಂಗ್ ಪೌಡರೇ ಸಾಕು. 30 ಶೇಕಡಾ ಕ್ಲೋರಿನ್ ಇರುವ ಪುಡಿ 1,000 ಲೀಟರಿಗೆ 10 ಗ್ರಾಂ ಹಾಕಿದರೆ 3 ಪಿಪಿಎಂ ಆಗುತ್ತದೆ. ಬಕೆಟ್ಟಿನಲ್ಲಿ ಕಲಸಿ, ಕೆಳಗೆ ಕೂತ ಸುಣ್ಣ ಬಿಟ್ಟು ತಿಳಿ ನೀರನ್ನಷ್ಟೇ ಟ್ಯಾಂಕಿಗೆ ಸುರಿಯಬೇಕು. ನೀರಿನ ಪಿಎಚ್ 8 ದಾಟಿದ್ದರೆ ಕ್ಲೋರಿನ್ ಮಂಕು. ಬಾಯಿ ತೆರೆದಿಟ್ಟ ಚೀಲ ನಮ್ಮ ಬೇಸಿಗೆಯಲ್ಲಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ನೀರಿನಲ್ಲಿ ಲಸಿಕೆ ಕೊಡುವ ಹಿಂದಿನ ದಿನದಿಂದ ಮರುದಿನದ ತನಕ ಕ್ಲೋರಿನ್ ನಿಲ್ಲಿಸಿ.

ಬಾಗಿಲಿನ ಫುಟ್‌ಡಿಪ್‌ಗೂ (ಕಾಲು ಅದ್ದಿ ಒಳಬರುವ ತೊಟ್ಟಿ) 1 ಶೇಕಡಾ ದ್ರಾವಣವೇ. ಪಕ್ಕದಲ್ಲಿ ಬ್ರಷ್ ಮತ್ತು ಸಾದಾ ನೀರಿನ ಇನ್ನೊಂದು ತೊಟ್ಟಿ ಇಡಿ. ಮಣ್ಣು ಉಜ್ಜದೆ ಕಾಲಿಟ್ಟರೆ ತೊಟ್ಟಿಯೇ ಕೊಳೆಯ ಗುಂಡಿಯಾಗುತ್ತದೆ. ನೆರಳಿನಲ್ಲಿ ಶುದ್ಧವಾಗಿದ್ದರೆ ದ್ರಾವಣ ಒಂದು ವಾರದ ತನಕ ತಾಳುತ್ತದೆ, ಬಿಸಿಲಿಗೆ ಇಟ್ಟು ನಾಲ್ಕು ಜನ ತುಳಿದರೆ ತಾಳುವುದಿಲ್ಲ. ಗುಲಾಬಿ ಬಣ್ಣ ಹೋದಾಗ ಚೆಲ್ಲಿ ಹೊಸದು ಹಾಕಿ. ನಮ್ಮ ಅಭಿಪ್ರಾಯದಲ್ಲಿ ಫುಟ್‌ಡಿಪ್‌ಗಿಂತ ಶೆಡ್ಡಿನೊಳಗೇ ಬಿಟ್ಟುಹೋಗುವ ಬೇರೆ ಚಪ್ಪಲಿ ಹೆಚ್ಚು ಕೆಲಸ ಮಾಡುತ್ತದೆ. ನಾಲ್ಕಾರು ಫಾರ್ಮ್ ಸುತ್ತಿ ಬರುವ ಸೂಪರ್‌ವೈಸರ್, ಫೀಡ್ ಗಾಡಿಯ ಹಮಾಲರು ಎಲ್ಲರಿಗೂ ಇದೇ ನಿಯಮ ಇರಲಿ.

ಪುಡಿಯ ಕೈ ಮೀರಿದ್ದು

ಆಸ್ಟ್ರೋ, ರಿಯೋ ವೈರಸ್‌ಗಳು ತಾಯಿ ಕೋಳಿಯಿಂದ ಮೊಟ್ಟೆಯ ಮೂಲಕವೂ ಮರಿಗೆ ಇಳಿಯುತ್ತವೆ. ಹಾಗೆ ಬಂದ ಸೋಂಕನ್ನು ನಿಮ್ಮ ಶೆಡ್ಡಿನ ಯಾವ ಔಷಧಿಯೂ ತಡೆಯುವುದಿಲ್ಲ. ರಿಯೋವೈರಸ್‌ಗೆ ಬ್ರೀಡರ್ ಕೋಳಿಗಳಿಗೆ ಕೊಡುವ ಲಸಿಕೆ ಇದೆ. ಮರಿ ಕೊಡುವವರನ್ನು ಆ ಬಗ್ಗೆ, ತಾಯಿ ಕೋಳಿಗಳ ವಯಸ್ಸಿನ ಬಗ್ಗೆ ಕೇಳಿ. ಕೇಳುವುದು ನಿಮ್ಮ ಹಕ್ಕು. ಆಂಟಿಬಯೋಟಿಕ್ ವೈರಸ್‌ಗೆ ನಾಟುವುದಿಲ್ಲ. ಹಿಕ್ಕೆ ನೀರಾದ ಕೂಡಲೇ ಬಾಟಲಿ ಸುರಿಯುವ ಅಭ್ಯಾಸ ಬಿಡಬೇಕು.

ತೊಳೆದು, ಹೊಡೆದು, ಕನಿಷ್ಠ 10ರಿಂದ 14 ದಿನ ಖಾಲಿ ಬಿಟ್ಟರೂ ಮುಂದಿನ ಬ್ಯಾಚ್ ಮತ್ತೆ ಹಾಗೇ ಆದರೆ ಪುಡಿಯನ್ನು ಬೈಯುವ ಮೊದಲು ಪರೀಕ್ಷೆ ಮಾಡಿಸಿ. ಕಾಕ್ಸಿಡಿಯೋಸಿಸ್, ಫೀಡಿನ ಬೂಸ್ಟು, ಉಪ್ಪು ಜಾಸ್ತಿ, ಬ್ರೂಡಿಂಗ್‌ನಲ್ಲಿ ಚಳಿ, ಇವೆಲ್ಲ ಇದೇ ಥರ ಕಾಣಿಸುತ್ತವೆ. ಏಳನೇ ದಿನ ಬೇರೆ ಬೇರೆ ಮೂಲೆಯಿಂದ ಮರಿ ಹಿಡಿದು ತೂಗಿ. ಬಂದ ದಿನದ ತೂಕದ ನಾಲ್ಕು ಪಟ್ಟು ಮುಟ್ಟಿರಬೇಕು, 42 ಗ್ರಾಂ ಮರಿ 170 ಗ್ರಾಂ ಆಸುಪಾಸು. ಕಡಿಮೆ ಇದ್ದರೆ 7ರಿಂದ 10 ದಿನದೊಳಗಿನ, ಲಕ್ಷಣ ಇರುವ ಐದಾರು ಮರಿಗಳನ್ನು ಜೀವಂತವಾಗಿಯೇ ಪಶುವೈದ್ಯರಿಗೆ ತೋರಿಸಿ. ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಮೊದಲು ಫೋನ್ ಮಾಡಿ ಯಾವ ಸ್ಯಾಂಪಲ್ ಹೇಗೆ ತರಬೇಕೆಂದು ಕೇಳಿಕೊಂಡು ಹೋಗಿ. ವೈರಸ್ ಇದೆಯೇ ಎಂದು ನೋಡುವ ಪಿಸಿಆರ್ ಪರೀಕ್ಷೆಗೆ ಕರುಳಿನ ಒಳದ್ರವ ಐಸಿನಲ್ಲಿ, ಸೂಕ್ಷ್ಮದರ್ಶಕಕ್ಕೆ ಕರುಳಿನ ತುಂಡು 10 ಶೇಕಡಾ ಫಾರ್ಮಲಿನ್‌ನಲ್ಲಿ. ಎರಡೂ ಬೇಕು, ಏಕೆಂದರೆ ಚೆನ್ನಾಗಿ ಬೆಳೆಯುತ್ತಿರುವ ಕೋಳಿಯಲ್ಲೂ ಈ ವೈರಸ್‌ಗಳು ಪಿಸಿಆರ್‌ನಲ್ಲಿ ಸಿಗುತ್ತವೆ. ಕರುಳಿಗೆ ಹಾನಿ ಆಗಿದೆಯೋ ಇಲ್ಲವೋ ಎಂಬುದು ತುಂಡು ನೋಡಿದಾಗಲೇ ತಿಳಿಯುವುದು.

ಕೊಳ್ಳುವಾಗ ಸೀಲ್ ಇರುವ ಡಬ್ಬಿಯನ್ನೇ ತನ್ನಿ. ಸಡಿಲಾಗಿ ತೂಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಡುವ ಗುಲಾಬಿ ಪುಡಿಗೆ ಬ್ಯಾಚ್ ನಂಬರೂ ಇಲ್ಲ, ಅವಧಿಯೂ ಇಲ್ಲ, ಒಳಗೇನಿದೆಯೆಂಬ ಖಾತ್ರಿಯೂ ಇಲ್ಲ. ಒಳ್ಳೆಯ ಪುಡಿ ಉದುರುದುರಾಗಿರುತ್ತದೆ. ಗಂಟು ಕಟ್ಟಿದ್ದರೆ ತೇವ ಹೊಕ್ಕಿದೆ, ಅದು ಬೇಡ. ಮನೆಗೆ ತಂದ ಮೇಲೆ ತಗಡಿನ ಶೆಡ್ಡಿನಲ್ಲಿ ಫೀಡ್ ಚೀಲಗಳ ಮೇಲೆ ಇಡಬೇಡಿ. ತಂಪಾದ, ಒಣಗಿದ, ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿ, ಬ್ಲೀಚಿಂಗ್ ಪೌಡರ್‌ನಿಂದ ದೂರ, ಮುಚ್ಚಳ ಬಿಗಿ ಮಾಡಿ ಇಡಿ. ಒಂದು ಸಲ ತೆರೆದ ಡಬ್ಬಿಯನ್ನು ಮಳೆಗಾಲ ದಾಟಿಸದೆ ಮುಗಿಸಿಬಿಡಿ.